ಜಾತಕ ನೋಡಿ ಬರೆದದ್ದು

ರತ್ನ, ನೀನು ಇಂಗ್ಲೆಂಡಿಗೆ, ನಿಮ್ಮಪ್ಪನ ಹತ್ತಿರ, ಹೋಗಲಾಗದಂತೆ ಮಾಡಿದವಳು ನಾನು. ಒಂದು ಸಾಲಿನ ಸುಳ್ಳು ಬರೆದೆ. ಅದನ್ನು ಬರೆದ ದಿನ ಯಾರೂ ನನ್ನನ್ನು ಹೆದರಿಸಿರಲಿಲ್ಲ. ನನಗೆ ತಲೆ ಕೆಟ್ಟಿರಲಿಲ್ಲ. ಬರೆದರೆ ಏನಾಗುತ್ತದೆ ಎಂಬುದು ಪೂರ್ತಿ ಗೊತ್ತಿದ್ದೇ ಬರೆದೆ.

ಹೋದ ತಿಂಗಳು ನೀನು ಬಂದು, ನನ್ನ ಅಡುಗೆಮನೆಯ ಮಣೆಯ ಮೇಲೆ ಕೂತು, ಅಪ್ಪ ತೀರಿಕೊಂಡ ಸುದ್ದಿ ಹೇಳಿದೆ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಪಂಜಾಬಿಯೊಬ್ಬರು ಕಾಗದ ಬರೆದಿದ್ದಾರೆ, ದಹನವೂ ಅಲ್ಲೇ ಆಯಿತು ಎಂದೆ. ಅಳಲಿಲ್ಲ. ಲೋಟ ಕೆಳಗಿಟ್ಟು, "ಬಿಡಿ ಮಿಸ್, ಅವರಿಗೆ ನಾನು ಬೇಕಾಗಿರ್ಲಿಲ್ಲ. ಬೇಕಾಗಿದ್ದಿದ್ರೆ ನನ್ನ ವಯಸ್ಸು ಸರಿಮಾಡಿಸೋಕೆ ಏನಾದ್ರೂ ದಾರಿ ಹುಡುಕ್ತಿದ್ರು," ಅಂದೆ.

ನಾನು ನಿನ್ನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ. ಅಷ್ಟೇ ಮಾಡಿದ್ದು. ನೀನು ಗೇಟು ದಾಟಿ ಬಸ್ ಸ್ಟಾಪಿನ ಕಡೆ ತಿರುಗುವವರೆಗೂ ಬಾಯಿ ಬಿಡಲಿಲ್ಲ.

ಈಗ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಸಹಿಸಿಕೋ. ಮೊದಲಿನಿಂದ ಕ್ರಮವಾಗಿ ಬರೆಯದಿದ್ದರೆ ನಾನು ಮಧ್ಯದಲ್ಲಿ ಎಲ್ಲೋ ನುಸುಳಿಕೊಂಡುಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ನಿನ್ನನ್ನು ಶಾಲೆಗೆ ಸೇರಿಸಿದ ಜೂನ್ ತಿಂಗಳಲ್ಲಿ ನಮ್ಮ ಶಾಲೆ ಎಂದರೆ ಎರಡು ಕೋಣೆ, ಒಂದು ತಗಡಿನ ಶೆಡ್ಡು. ಜಯನಗರ ಆಗಿನ್ನೂ ಹೊಸ ಬಡಾವಣೆ. ಸೈಟಿಗೆ ನೆಟ್ಟ ಕಲ್ಲುಗಳೇ ಹೆಚ್ಚು, ಮನೆಗಳು ಅಲ್ಲೊಂದು ಇಲ್ಲೊಂದು. ಬಡಾವಣೆಯ ಮಕ್ಕಳಿಗಿಂತ ಸುತ್ತಲಿನ ಹಳ್ಳಿಗಳ ಮಕ್ಕಳೇ ನಮ್ಮಲ್ಲಿಗೆ ಜಾಸ್ತಿ ಬರುತ್ತಿದ್ದರು. ಯಾರ ಹತ್ತಿರವೂ ಹುಟ್ಟಿದ ತಾರೀಕಿನ ಕಾಗದವಿಲ್ಲ. ಪಟೇಲರ ಪುಸ್ತಕದಲ್ಲಿ ಬರೆಸಿದವರು ನೂರಕ್ಕೆ ಹತ್ತು ಜನರೂ ಇರಲಾರರು. ಹಾಗಾಗಿ ನಮಗೆ ಒಂದು ಪರೀಕ್ಷೆಯಿತ್ತು. ಮಗು ಬಲಗೈಯನ್ನು ತಲೆಯ ಮೇಲಿಂದ ಹಾಕಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಶಾಲೆಗೆ ಬರುವ ವಯಸ್ಸಾಗಿದೆ ಎಂದು ಲೆಕ್ಕ. ಆಮೇಲೆ ಶಾಲೆ ತೆರೆಯುವ ಹೊತ್ತಿಗೆ ವಯಸ್ಸು ಸರಿಹೋಗುವ ಹಾಗೆ ಮೇ ತಿಂಗಳ ಯಾವುದೋ ಒಂದು ತಾರೀಕನ್ನು ದಾಖಲಾತಿ ಪುಸ್ತಕಕ್ಕೆ ಬರೆದುಕೊಳ್ಳುತ್ತಿದ್ದೆವು. ಇನ್ಸ್‌ಪೆಕ್ಟರೊಬ್ಬರು ಆ ಪುಸ್ತಕ ತಿರುವಿ ಹಾಕುತ್ತಾ, "ಏನಮ್ಮ, ನಿಮ್ಮ ಕಡೆ ಬೇರೆ ತಿಂಗಳಲ್ಲಿ ಹೆರಿಗೇನೇ ಆಗಲ್ವಾ?" ಎಂದು ನಕ್ಕಿದ್ದರು. ನಕ್ಕು ರುಜು ಹಾಕಿದ್ದರು.

ನಿಮ್ಮಪ್ಪ ಕೆಂಪಣ್ಣ ಹೊಸಕೆರೆಹಳ್ಳಿಯಿಂದ ನಿನ್ನನ್ನು ಸೈಕಲ್ಲಿನ ಬಾರಿನ ಮೇಲೆ ಕೂರಿಸಿಕೊಂಡು ಬಂದರು. ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮೇಲೆ ಕೆಲಸ. ಶಿಫ್ಟಿಗೆ ಹೊತ್ತಾಗಿತ್ತು, ಪ್ಯಾಂಟಿನ ಕಾಲಿಗೆ ಕ್ಲಿಪ್ಪು ಹಾಕಿಕೊಂಡೇ ಒಳಗೆ ಬಂದರು. ನಿನ್ನ ಕೈ ಕಿವಿಗೆ ಎಟುಕಲಿಲ್ಲ.

"ಎಷ್ಟು ವಯಸ್ಸು?" ಎಂದೆ.

"ನಾಕೂವರೆ ಆಗಿರ್ಬೇಕು ಅಮ್ಮಾವ್ರೇ."

"ನಾಲ್ಕೂವರೆಗೆ ಸೇರಿಸ್ಕೊಳ್ಳೋಕಾಗಲ್ಲ ಕೆಂಪಣ್ಣ. ಮುಂದಿನ ವರ್ಷ ಕರ್ಕೊಂಡ್ ಬನ್ನಿ."

"ಅಂಗಂದ್ರೆ ಎಂಗೆ ಅಮ್ಮಾವ್ರೇ? ಇವಳವ್ವ ಇಲ್ಲ. ನಮ್ಮವ್ವ ಹೊಲಕ್ಕೆ ಹೋಯ್ತಾಳೆ. ಮನೇಲಿ ಬುಟ್ಟೋದ್ರೆ ಇವಳು ಸೀದಾ ಕೆರೆ ತಾವ್ಕೆ ನಡೀತಾಳೆ. ನೀವೇ ಏನಾದ್ರೂ ಒಂದು ಹಾಕ್ಕೊಳಿ."

ಆರು ತುಂಬಿದ ಹಾಗೆ ಹಾಕಿಕೊಂಡೆ. ನಿನ್ನ ಕುತ್ತಿಗೆಯನ್ನು ನಾನೇ ಸ್ವಲ್ಪ ಬಾಗಿಸಿ, ಬೆರಳು ಕಿವಿಗೆ ತಾಗಿಸಿ, "ನೋಡು, ಮುಟ್ತು," ಎಂದೆ. ನೀನು ನಕ್ಕೆ. ಒಂದೂವರೆ ವರ್ಷ ದೊಡ್ಡವಳಾದೆ.

ಅದೂ ತಪ್ಪೇ. ಆದರೆ ಇವತ್ತು ನಾನು ಒಪ್ಪಿಕೊಳ್ಳಲು ಕೂತಿರುವುದು ಅದನ್ನಲ್ಲ. ಅಂಥ ತಾರೀಕುಗಳನ್ನು ನೂರಾರು ಮಕ್ಕಳಿಗೆ ಬರೆದೆ, ಅವುಗಳಿಂದ ಯಾರಿಗೂ ಕೇಡಾಗಿದ್ದು ನಾನು ಕೇಳಲಿಲ್ಲ. ನಿನ್ನದೊಂದರ ಹೊರತು.

ಎಂಟು ವರ್ಷದ ಮೇಲೆ ನಿಮ್ಮಪ್ಪ ಇಂಗ್ಲೆಂಡಿಗೆ ಹೊರಟರು. ಅಲ್ಲಿ ಕೆಲಸ ಮಾಡಬೇಕಾದರೆ ಅಲ್ಲಿಯ ಸರ್ಕಾರದಿಂದ ಮೊದಲು ಒಂದು ಪರವಾನಗಿ ಚೀಟಿ ಬರಬೇಕಿತ್ತು. ವೋಚರ್ ಎನ್ನುತ್ತಿದ್ದರು. ಲೇತ್ ಕೆಲಸ ಬಲ್ಲವರಿಗೆ ಅದು ಸಿಗುತ್ತಿತ್ತು. ಕಾರ್ಖಾನೆಯ ಮೂವರು ಅರ್ಜಿ ಹಾಕಿದ್ದರಲ್ಲಿ ಇವರೊಬ್ಬರಿಗೇ ಬಂತು. ಬಂದ ಮೇಲೆ ಆರು ತಿಂಗಳ ಒಳಗೆ ಅಲ್ಲಿ ಹೋಗಿ ಇಳಿಯಬೇಕು, ಇಲ್ಲದಿದ್ದರೆ ಚೀಟಿ ರದ್ದಾಗುತ್ತದೆ. ಯೋಚಿಸಲು ಹೆಚ್ಚು ಹೊತ್ತಿರಲಿಲ್ಲ.

ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಅವ್ವಂಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ. ಇವಳ ಹೈಸ್ಕೂಲು ನಿಮ್ಮನೆಗೆ ಹತ್ರ. ವಾರಕ್ಕೊಂದ್ಸಲ ಅಜ್ಜಿ ತಾವ ಹೋಗ್ಬರ್ಲಿ, ಮಿಕ್ಕಿದ್ ದಿನ ನಿಮ್ಮತ್ರ ಇರ್ಲಿ ಅಮ್ಮಾವ್ರೇ. ಅಲ್ಲೊಂದು ರೂಮು ಅಂತ ಆಗ್ಲಿ, ಕರಸ್ಕೊಂಡ್ಬಿಡ್ತೀನಿ."

ಆಗಲಿ ಎಂದೆ. ದೊಡ್ಡ ಉಪಕಾರ ಮಾಡುವವಳ ಹಾಗೆ, ಸ್ವಲ್ಪ ಹೊತ್ತು ಯೋಚಿಸಿ, ಆಮೇಲೆ ಆಗಲಿ ಎಂದೆ. ನಿಜ ಏನೆಂದರೆ ಅವರು ಬಾಯಿ ತೆರೆದ ಕೂಡಲೇ ನಿನ್ನ ಮಂಚ ಎಲ್ಲಿ ಹಾಕಬೇಕೆಂದು ನಾನು ಲೆಕ್ಕ ಹಾಕತೊಡಗಿದ್ದೆ.

ನನ್ನ ಮನೆ ನಿನಗೆ ಗೊತ್ತು. ಮಾಲೀಕರ ಮನೆಯ ಹಿಂಭಾಗದ ಒಂದೂವರೆ ಕೋಣೆ. ನಮ್ಮಮ್ಮ ಹೋಗಿ ಆಗ ಆರು ವರ್ಷವಾಗಿತ್ತು. ಮದುವೆ ಆಗಲಿಲ್ಲ, ಅದರ ಕಥೆ ಇಲ್ಲಿ ಬೇಡ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಮನೆಗೆ ಬಂದರೆ ಸೋಮವಾರ ಬೆಳಗ್ಗೆ ಹಾಜರಿ ಕೂಗುವವರೆಗೆ ನನ್ನ ಧ್ವನಿ ನನಗೇ ಕೇಳಿಸುತ್ತಿರಲಿಲ್ಲ. ಎಷ್ಟೋ ಸೋಮವಾರ ಮೊದಲನೆಯ ಹೆಸರು ಕೂಗುವಾಗ ಗಂಟಲು ಕಟ್ಟಿರುತ್ತಿತ್ತು. ಮಕ್ಕಳು ಮಿಸ್‌ಗೆ ನೆಗಡಿ ಅಂದುಕೊಳ್ಳುತ್ತಿದ್ದರು.

ನೀನು ಬಂದ ಮೊದಲ ವಾರ, ಒಂದು ದಿನ ಮೀಟಿಂಗ್ ಇದ್ದು ನಾನು ಮನೆಗೆ ಬರುವುದು ಸಂಜೆ ಆರಾಯಿತು. ನೀನು ಮೆಟ್ಟಿಲ ಮೇಲೆ ಕೂತಿದ್ದೆ. "ಯಾಕ್ ಮಿಸ್ ಇಷ್ಟೊತ್ತು?" ಎಂದೆ. ಸ್ವಲ್ಪ ಸಿಟ್ಟಿನಿಂದಲೇ. ಆ ಮನೆಯಲ್ಲಿ ನನ್ನನ್ನು ಹಾಗೆ ಕೇಳಿದವರು — ನಾನು ಚಪ್ಪಲಿ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿ ನಿಂತುಬಿಟ್ಟೆ.

ಎರಡು ವರ್ಷ ಹಾಗೆ ಕಳೆಯಿತು. ನೀನು ಕಿಟಕಿಯ ಹತ್ತಿರದ ಮಂಚದಲ್ಲಿ, ನಾನು ಗೋಡೆಯ ಕಡೆ. ನೀನು ಭೂಗೋಳವನ್ನು ಗಟ್ಟಿಯಾಗಿ ಓದುತ್ತಿದ್ದೆ, ನಾನು ಕಾಂಪೊಸಿಷನ್ ಪುಸ್ತಕ ತಿದ್ದುತ್ತಿದ್ದೆ. ಸಾರಿಗೆ ಉಪ್ಪು ಕಡಿಮೆಯಾದರೆ ಹೇಳುವವರು ಒಬ್ಬರಿದ್ದರು. ಇಷ್ಟೇ. ಬರೆದರೆ ಏನೂ ಇಲ್ಲ ಅನ್ನಿಸುತ್ತದೆ.

ನಿಮ್ಮಪ್ಪನ ಕಾಗದಗಳು ಬರುತ್ತಿದ್ದವು. ಭಾನುವಾರ ನಾವಿಬ್ಬರೂ ಹೊಸಕೆರೆಹಳ್ಳಿಗೆ ನಡೆದು ಹೋಗಿ ನಿಮ್ಮಜ್ಜಿಗೆ ಅವನ್ನು ಓದಿ ಹೇಳುತ್ತಿದ್ದೆವು. ಮೊದಲ ಮನೆಯಲ್ಲಿ ಎಂಟು ಜನರಂತೆ, ನಾಲ್ಕೇ ಮಂಚವಂತೆ. ಹಗಲು ಪಾಳಿಯವನು ಎದ್ದು ಹೋದರೆ ಅದೇ ಹಾಸಿಗೆಯಲ್ಲಿ ರಾತ್ರಿ ಪಾಳಿಯವನು ಬಂದು ಮಲಗುತ್ತಾನಂತೆ. ಹಾಸಿಗೆ ಆರುವುದೇ ಇಲ್ಲ, ಈ ಚಳಿಗೆ ಅದೂ ಒಳ್ಳೆಯದೇ ಎಂದು ತಮಾಷೆ ಬರೆದಿದ್ದರು. ಅಜ್ಜಿಗೆ ಅದಕ್ಕಿಂತ ದೊಡ್ಡ ಚಿಂತೆ ಇತ್ತು. "ಅಲ್ಲಿ ತಿಂಗ್ಳುಗಟ್ಲೆ ಬಿಸ್ಲೇ ಬರಕಿಲ್ವಂತೆ. ಬಟ್ಟೆ ಎಂಗೆ ಒಣಗ್ತವಂತೆ ಟೀಚರಮ್ಮ?"

ಆಮೇಲೆ ಒಂದು ಕಾಗದದಲ್ಲಿ ರೂಮು ಸಿಕ್ಕಿತು ಎಂದು ಬರೆದರು. ಎರಡು ಮಂಚ ಹಿಡಿಯುವಷ್ಟು ರೂಮು. ಅಲ್ಲಿಯ ಕಾನೂನಿನ ಪ್ರಕಾರ ಅಲ್ಲೇ ನೆಲೆಸಿ ದುಡಿಯುವವನ ಮಗಳು ಹದಿನಾರು ವರ್ಷದ ಒಳಗಿನವಳಾದರೆ ತಂದೆಯ ಹತ್ತಿರ ಬಂದು ಇರಬಹುದು. ಹದಿನಾರು ದಾಟಿದರೆ ಆ ಹಕ್ಕಿಲ್ಲ. ಆಗ ಅವಳೂ ದೊಡ್ಡವರ ಹಾಗೆ ಸ್ವಂತಕ್ಕೆ ವೋಚರ್ ಸಂಪಾದಿಸಬೇಕು, ಅವನ್ನೋ ವರ್ಷ ವರ್ಷ ಕಡಿಮೆ ಮಾಡುತ್ತಿದ್ದಾರೆ. "ನಮ್ಮ ರತ್ನನಿಗೆ ಇನ್ನೂ ಹದಿನೈದೂ ತುಂಬಿಲ್ಲ, ತೊಂದರೆ ಇಲ್ಲ. ಮದರಾಸಿನ ಬ್ರಿಟಿಷ್ ಕಚೇರಿಗೆ ಅರ್ಜಿ ಹಾಕುತ್ತೇನೆ, ಸ್ಕೂಲಿನ ಸರ್ಟಿಫಿಕೇಟು ಕಳಿಸಿ ಅಮ್ಮಾವ್ರೇ," ಎಂದು ಬರೆದಿದ್ದರು.

ನೀನು ಆ ಕಾಗದ ಎಷ್ಟು ಸಲ ಓದಿದೆಯೋ. ಕಾಲುಚೀಲ ಹಾಕಿಕೊಂಡು ನಡೆಯುವುದನ್ನು ಅಭ್ಯಾಸ ಮಾಡಲು ನನ್ನ ಹಳೆಯ ಜೊತೆ ಹಾಕಿಕೊಂಡು ಗಾರೆ ನೆಲದ ಮೇಲೆ ಎರಡು ಸಲ ಜಾರಿ ಬಿದ್ದೆ. "ಅಲ್ಲಿ ರಾಗಿ ಸಿಗತ್ತಾ ಮಿಸ್?" ಎಂದು ಕೇಳಿದೆ. "ನಿಮ್ಮಪ್ಪ ಎರಡು ವರ್ಷದಿಂದ ಮುದ್ದೆ ಇಲ್ದೇ ಬದುಕಿದಾರಲ್ಲ," ಎಂದೆ. "ಅದಕ್ಕೇ ಬಡಕಲಾಗಿದಾನೆ ಫೋಟೋದಲ್ಲಿ," ಎಂದೆ ನೀನು.

ನಮ್ಮ ಶಾಲೆಯಿಂದ ಸರ್ಟಿಫಿಕೇಟಿನ ನಕಲು ತಂದವಳು ನಾನೇ. ತೆಗೆದು ನೋಡಿದಾಗ — ಹತ್ತು ವರ್ಷದ ಹಿಂದೆ ನಾನೇ ಬರೆದ ತಾರೀಕು. ಅದರ ಪ್ರಕಾರ ಆ ಮೇ ತಿಂಗಳಿಗೆ ನಿನಗೆ ಹದಿನಾರು ತುಂಬಿತ್ತು. ನಿಮ್ಮಪ್ಪ ಪಾಪ ಇದನ್ನು ಮರೆತೇಬಿಟ್ಟಿದ್ದರು. ಆ ಗಳಿಗೆಯಲ್ಲೇ ಅವರಿಗೆ ಒಂದು ಸಾಲು ಬರೆದು ಎಚ್ಚರಿಸಬಹುದಿತ್ತು. ಬರೆಯಲಿಲ್ಲ. ನಕಲನ್ನು ಲಕೋಟೆಗೆ ಹಾಕಿ ಅಂಟಿಸಿದೆ. ಗಮನಿಸದೆ ಹಾಕಿದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡದ್ದುಂಟು. ಗಮನಿಸಿಯೇ ಹಾಕಿದೆ.

ಎರಡು ತಿಂಗಳ ಮೇಲೆ ಶಾಲೆಗೆ ಮದರಾಸಿನಿಂದ ಕಾಗದ ಬಂತು. ಮರ್ಯಾದೆಯ ಕಾಗದ. ತಂದೆ ಹೇಳುವ ವಯಸ್ಸಿಗೂ ಶಾಲೆಯ ದಾಖಲೆಗೂ ಒಂದೂವರೆ ವರ್ಷದ ವ್ಯತ್ಯಾಸವಿದೆ. ಶಾಲೆಯವರು ಈ ತಾರೀಕನ್ನು ಯಾವ ಆಧಾರದ ಮೇಲೆ ಬರೆದುಕೊಂಡರು? ಆಧಾರವಿಲ್ಲದೆ ಅಂದಾಜಿನಿಂದ ಬರೆದಿದ್ದರೆ ಹಾಗೆಂದು ತಿಳಿಸಿ. ಹುಡುಗಿಯನ್ನು ವೈದ್ಯರಿಗೆ ತೋರಿಸಿ ವಯಸ್ಸು ತೀರ್ಮಾನಿಸುತ್ತೇವೆ.

ಇದನ್ನು ನೀನು ಎರಡು ಸಲ ಓದಬೇಕು, ರತ್ನ. ಅವರು ಬಾಗಿಲು ಮುಚ್ಚಿರಲಿಲ್ಲ. ನಮ್ಮನ್ನು ಕೇಳಿದ್ದರು.

ಹೆಡ್‌ಮಿಸ್ಟ್ರೆಸ್ ನನ್ನನ್ನು ಕರೆದು ದಾಖಲಾತಿ ಪುಸ್ತಕ ತೆರೆದಿಟ್ಟರು.

"ನಿಮ್ಮ ಕೈಬರಹ ತಾನೇ ಇದು?"

"ಹೌದು."

"ಅಂದಾಜಿಗೆ ಹಾಕಿದ್ದಾ? ಹಾಗಿದ್ರೆ ಹಾಗೇ ಬರೆದುಬಿಡಿ. ಆಗೆಲ್ಲಾ ಎಲ್ಲರೂ ಹಾಕ್ತಿದ್ದಿದ್ದೇ, ನಾನೂ ಹಾಕಿದೀನಿ. ಅದಕ್ಕೆ ಯಾರೂ ನಿಮ್ಮನ್ನ ನೇಣಿಗೆ ಹಾಕಲ್ಲ. ಡ್ರಾಫ್ಟ್ ಮಾಡ್ಕೊಂಡು ತನ್ನಿ, ರುಜು ಹಾಕ್ತೀನಿ."

ಆದ್ದರಿಂದ ಕೆಲಸ ಹೋಗುತ್ತದೆಂದು ಹೆದರಿ ಹಾಗೆ ಮಾಡಿದೆ ಎಂದು ನಾನು ಹೇಳುವಂತಿಲ್ಲ. ಆ ಹೆದರಿಕೆಯನ್ನು ಅವರು ಬೆಳಗ್ಗೆ ಹತ್ತೂವರೆಗೇ ತೆಗೆದುಹಾಕಿದ್ದರು.

ಊಟದ ವೇಳೆಯಲ್ಲಿ ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ಬರೆಯಲು ಶುರುಮಾಡಿದೆ. ಮೊದಲು ಬರೆದದ್ದು ನಿಜವನ್ನೇ. ಇಂಗ್ಲಿಷಿನಲ್ಲಿ ನಾಲ್ಕು ಸಾಲು. ತಾರೀಕು ಅಂದಾಜಿನದು, ಹುಡುಗಿ ಅದಕ್ಕಿಂತ ಚಿಕ್ಕವಳು, ಬರೆದವಳು ನಾನೇ ಎಂದು. ಬರೆದು, ಶಾಯಿ ಆರಲಿ ಎಂದು ಇಟ್ಟುಕೊಂಡು ಕೂತೆ.

ಆ ದಿನ ಬೆಳಗ್ಗೆ ನೀನು ಜಡೆ ಹಾಕಿಕೊಳ್ಳುತ್ತಾ ಒಂದು ಮಾತು ಹೇಳಿದ್ದೆ. "ನಾನ್ ಹೋದ್ಮೇಲೆ ನೀವು ಈ ಕಿಟಕಿ ಹತ್ರದ ಮಂಚ ತಗೊಳಿ ಮಿಸ್. ಗಾಳಿ ಚೆನ್ನಾಗ್ ಬರತ್ತೆ." ಪ್ರೀತಿಯಿಂದಲೇ ಹೇಳಿದ್ದು. ನನಗೆ ಒಳ್ಳೆಯದಾಗಲಿ ಎಂದೇ ಹೇಳಿದ್ದು. ಆದರೆ ಎಷ್ಟು ಹಗುರವಾಗಿ ಹೇಳಿದೆ — ನಿನ್ನ ಕಣ್ಣಿನಲ್ಲಿ ನೀನು ಆಗಲೇ ಹೋಗಿಯಾಗಿತ್ತು. ಆ ಮಂಚದಲ್ಲಿ ನಾನು ಮಲಗಿದ್ದೇನೆ, ಗೋಡೆಯ ಕಡೆಯ ಮಂಚ ಖಾಲಿ. ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಗಿನವರೆಗೆ... ಸ್ಟಾಫ್ ರೂಮಿನ ಬೆಂಚಿನ ಮೇಲೆ ಕೂತು ನಾನು ಅದನ್ನೇ ನೋಡುತ್ತಿದ್ದೆ.

ಆ ಹಾಳೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡೆ. ಇನ್ನೊಂದು ಹಾಳೆ ತೆಗೆದುಕೊಂಡೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳಿದರೆ ಇಷ್ಟೇ: ಹುಟ್ಟಿದ ತಾರೀಕನ್ನು ಜಾತಕ ನೋಡಿ ಬರೆದದ್ದು.

ಹೆಡ್‌ಮಿಸ್ಟ್ರೆಸ್ ಓದಿ ಕನ್ನಡಕದ ಮೇಲಿಂದ ನೋಡಿದರು.

"ಜಾತಕ ಇತ್ತಾ? ಹೊಸಕೆರೆಹಳ್ಳಿ ಒಕ್ಕಲ ಮನೇಲಿ?"

"ಇತ್ತು. ತಂದು ತೋರಿಸಿದ್ರು."

ಅವರು ದಾಖಲಾತಿ ಪುಸ್ತಕ ಮುಚ್ಚಿದರು. ಆಮೇಲೆ ರುಜು ಹಾಕಿದರು. ಜವಾನ ಅದನ್ನು ಅಂಚೆಗೆ ತೆಗೆದುಕೊಂಡು ಹೋಗುವುದನ್ನು ನಾನು ತರಗತಿಯ ಬಾಗಿಲಿನಿಂದ ನೋಡಿದೆ. ಓಡಿಹೋಗಿ ತಡೆಯಬಹುದಿತ್ತು, ಗೇಟಿನವರೆಗೂ ಅವನು ನಿಧಾನವಾಗಿಯೇ ನಡೆದ. ನಾನು ಮಕ್ಕಳಿಗೆ ಮಗ್ಗಿ ಹೇಳಿಸಿದೆ.

ಅರ್ಜಿ ತಿರಸ್ಕೃತವಾಗಿದೆ ಎಂಬ ಕಾಗದ ನಮ್ಮ ಮನೆಯ ವಿಳಾಸಕ್ಕೇ ಬಂತು. ನೀನೇ ಬಿಡಿಸಿ ಓದಿದೆ. ಇಂಗ್ಲಿಷು ಪೂರ್ತಿ ಅರ್ಥವಾಗಿರಲಿಕ್ಕಿಲ್ಲ, ಆದರೆ ಹದಿನಾರು ಎಂಬ ಅಂಕಿ ಕಂಡಿತು. ಅದನ್ನು ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದೆ.

"ನಂಗೆ ನಿಜವಾಗ್ಲೂ ಎಷ್ಟು ವಯಸ್ಸು ಮಿಸ್?"

ನಾನು ತಿರುಗಲಿಲ್ಲ. ಒಗ್ಗರಣೆ ಸೌಟು ಕೈಯಲ್ಲಿತ್ತು.

"ಸರ್ಟಿಫಿಕೇಟಿನಲ್ಲಿ ಇರೋದೇ ವಯಸ್ಸು."

ಮದರಾಸಿಗೆ ಬರೆದ ಸಾಲಿಗಿಂತ ಈ ಮಾತು ನನ್ನನ್ನು ಹೆಚ್ಚು ಕಾಡಿದೆ. ಅದು ಕಚೇರಿಗೆ ಹೇಳಿದ ಸುಳ್ಳು. ಇದನ್ನು ನಿನಗೇ ಹೇಳಿದೆ. ನೀನು ನನ್ನನ್ನು ನಂಬಿ ಕೇಳಿದ್ದೆ.

ನಿಮ್ಮಜ್ಜಿ ಕೋಲೂರಿಕೊಂಡು ಹೊಸಕೆರೆಹಳ್ಳಿಯಿಂದ ನಡೆದೇ ಬಂದಳು. ಜಗಲಿಯಲ್ಲಿ ಕೂತು ಏದುಸಿರು ಬಿಡುತ್ತಾ ಬೈದಳು. "ನನ್ ಮೊಮ್ಮಗ್ಳು ಯಾವಾಗ್ ಹುಟ್ಟಿದ್ಲು ಅಂತ ನನ್ ಕೇಳದು ಬುಟ್ಟು ಕಾಗ್ದ ಕೇಳ್ತಾರಾ? ಕಾಗ್ದ ಹೆತ್ತಿತ್ತಾ ಇವಳ್ನ? ನಮ್ಮ ಕೆರೆ ಕೋಡಿ ಬಿದ್ದ ವರ್ಷ, ಕಾರ್ತೀಕದಲ್ಲಿ, ಈ ಕೈಯಲ್ಲಿ ಹಿಡ್ಕೊಂಡಿವ್ನಿ. ನನ್ನ ರೈಲು ಹತ್ಸು ಟೀಚರಮ್ಮ, ನಾನೇ ಹೋಗಿ ಆ ದೊರೆಗೆ ಹೇಳ್ತೀನಿ."

"ಅವರಿಗೆ ಕನ್ನಡ ಬರಲ್ಲ ಅಜ್ಜಿ," ಎಂದೆ.

ಅವಳಿಗೆ ಮಜ್ಜಿಗೆ ಕೊಟ್ಟೆ. ಕುಡಿದು, ನಿನ್ನ ತಲೆ ಸವರಿ, ನಡೆದುಕೊಂಡೇ ವಾಪಸು ಹೋದಳು.

ಹೀಗೆ ನಿನ್ನನ್ನು ಉಳಿಸಿಕೊಂಡೆ. ಉಳಿಸಿಕೊಂಡ ಮೇಲೆ ಏನಾಯಿತು ಎಂಬುದನ್ನೂ ಬರೆಯಬೇಕು. ನೀನು ಎಲ್ಲೂ ಹೋಗಲಿಲ್ಲ, ಆದರೆ ಮಾತು ನಿಲ್ಲಿಸಿದೆ. ಕೋಪದಿಂದಲ್ಲ, ನನ್ನ ಮೇಲೆ ಕೋಪಿಸಿಕೊಳ್ಳಲು ನಿನಗೆ ಕಾರಣವೇ ಗೊತ್ತಿರಲಿಲ್ಲ. ಭೂಗೋಳ ಮನಸ್ಸಿನಲ್ಲೇ ಓದಿಕೊಳ್ಳತೊಡಗಿದೆ. ಉಪ್ಪು ಕಡಿಮೆಯಾದರೂ ತಿಂದು ಎದ್ದು ಹೋಗುತ್ತಿದ್ದೆ. ನಾನು ಬೇಕೆಂದೇ ಎರಡು ಮೂರು ಸಲ ತಡಮಾಡಿ ಮನೆಗೆ ಬಂದೆ. ಮೆಟ್ಟಿಲ ಮೇಲೆ ಯಾರೂ ಇರುತ್ತಿರಲಿಲ್ಲ. ಒಬ್ಬಳೇ ಇದ್ದ ಮನೆಯ ಮೌನ ನನಗೆ ಅಭ್ಯಾಸವಿತ್ತು. ಇಬ್ಬರಿರುವ ಮನೆಯ ಮೌನ ಅಭ್ಯಾಸವಾಗಲಿಲ್ಲ.

ಅಪ್ಪನ ಕಾಗದಗಳಿಗೆ ನೀನು ಉತ್ತರ ಬರೆಯುವುದನ್ನು ಕಡಿಮೆ ಮಾಡಿದೆ. "ಏನಂತ ಬರೀಲಿ?" ಎನ್ನುತ್ತಿದ್ದೆ. ಅಪ್ಪ ನನ್ನ ವಯಸ್ಸನ್ನೂ ಸರಿಯಾಗಿ ಬರೆಸಲಿಲ್ಲ, ಒಂದು ಸಲ ಇಲ್ಲ ಅಂದ ಕೂಡಲೇ ಕೈಬಿಟ್ಟ ಎಂಬುದು ನಿನ್ನ ಮನಸ್ಸಿನಲ್ಲಿ ಬೇರೂರಿತು. ಅದು ಬೇರೂರುವುದನ್ನು ನಾನು ಎದುರಿಗೆ ಕೂತು ನೋಡಿದೆ.

ಎರಡು ವರ್ಷದ ಮೇಲೆ ನರ್ಸ್ ತರಬೇತಿಗೆ ಅರ್ಜಿ ಕರೆದರು. ಹದಿನೆಂಟು ತುಂಬಿರಬೇಕು. ನಿನ್ನ ಸರ್ಟಿಫಿಕೇಟಿನ ಪ್ರಕಾರ ತುಂಬಿತ್ತು. ನಿಜದಲ್ಲಿ ಹದಿನಾರೂವರೆ. ನಾನು ಬರೆದ ಆ ತಾರೀಕಿನಿಂದಲೇ ನಿನಗೆ ಹಾಸ್ಟೆಲ್ಲಿನಲ್ಲಿ ಜಾಗ ಸಿಕ್ಕಿತು, ನೀನು ಹೊರಟುಹೋದೆ. ಟ್ರಂಕು ಹೊರಗಿಟ್ಟು, ನಮಸ್ಕಾರ ಮಾಡಿ, ಜಟಕಾ ಹತ್ತಿದೆ. ನಿನ್ನನ್ನು ಎರಡು ವರ್ಷ ಇಟ್ಟುಕೊಳ್ಳಲು ನಿನ್ನ ಅಪ್ಪನನ್ನು ನಿನ್ನಿಂದ ಕಿತ್ತುಕೊಂಡಿದ್ದೆ ಎಂಬುದು ಆ ದಿನ ನನಗೆ ಸ್ಪಷ್ಟವಾಯಿತು.

ಮರುವರ್ಷ ಅವರು ಬಂದರು, ಆರು ವಾರದ ರಜೆಗೆ. ಒಂದು ಭಾನುವಾರ ನೀನೂ ಹಾಸ್ಟೆಲ್ಲಿನಿಂದ ಬಂದಿದ್ದೆ. ನಮ್ಮ ಮನೆಯಲ್ಲೇ ಮೂವರೂ ಊಟ ಮಾಡಿದೆವು. ನೆನಪಿದೆಯಾ? "ಸಾರು ಹಾಕ್ಲಾ ನಿಮಗೆ?" ಎಂದೆ ನೀನು ಅವರಿಗೆ. ಚಿಕ್ಕವಳಿದ್ದಾಗ ಸೈಕಲ್ಲಿನಿಂದ ಇಳಿದು "ಸಂಜೆ ಬೇಗ ಬಾ, ಇಲ್ಲಾಂದ್ರೆ ನೋಡು ನಿಂಗೆ" ಎಂದು ಅವರಿಗೆ ಬೆರಳು ತೋರಿಸಿ ಹೋಗುತ್ತಿದ್ದವಳು. ಅವರ ಕೈ ತಟ್ಟೆಯ ಮೇಲೆ ನಿಂತಿತು. ಆಮೇಲೆ, "ಹಾಕವ್ವ," ಎಂದರು.

ನೀನು ಹಾಸ್ಟೆಲ್ಲಿಗೆ ಹೊರಟ ಮೇಲೆ ಅವರು ಚೀಲದಿಂದ ಬಿಸಿನೀರು ತುಂಬುವ ರಬ್ಬರಿನ ಚೀಲವೊಂದನ್ನು ತೆಗೆದು ನನ್ನ ಮುಂದಿಟ್ಟರು. "ಬೆನ್ನುನೋವು ಅಂತ ಯಾವತ್ತೋ ರತ್ನ ಬರ್ದಿದ್ಲು. ಅಲ್ಲಿ ಎಲ್ಲಾ ಮುದುಕೀರೂ ಇದ್ನೇ ಇಟ್ಕೊತಾರೆ — ನೀವು ಮುದುಕಿ ಅಂತಲ್ಲ ಅಮ್ಮಾವ್ರೇ," ಎಂದು ತಾವೇ ನಕ್ಕರು. ನಗು ನಿಂತ ಮೇಲೆ ಹೇಳಿದರು. ಅವರ ಮಾತನ್ನು ನಾನು ಮರೆತಿಲ್ಲ, ಹೇಳಿದ ಹಾಗೆಯೇ ಬರೆಯುತ್ತೇನೆ.

"ಮದರಾಸ್ನೋರು ನಂಗೂ ಕಾಗ್ದ ಬರ್ದಿದ್ರು. ಸ್ಕೂಲ್ನೋರು ಜಾತಕ ನೋಡಿದೀವಿ ಅಂತವ್ರೆ, ನೀನೇನಂತೀಯ ಅಂತ. ನಮ್ಮನೇಲಿ ಜಾತಕ ಎಲ್ಲಿಂದ ಬತ್ತು? ಆಗ್ಲೇ ನಂಗ್ ಗೊತ್ತಾಯ್ತು. ಅಂದಾಜಿಗೆ ಹಾಕಿದೀನಿ ಅಂದ್ರೆ ನಿಮ್ ಕೆಲ್ಸಕ್ಕೇ ಕುತ್ತು ಬತ್ತದೆ ಅಂತ ಅಂಗ್ ಬರ್ದಿದೀರಿ. ಹಾಕ್ಕೊಳಿ ಅಂದೋನು ನಾನೇ ಅಲ್ವಾ? ನನ್ ಮಗ್ಳಿಗೆ ಅನ್ನ ಹಾಕ್ತಿರೋರ್ನ ಸುಳ್ಳುಗಾರ್ತಿ ಮಾಡಕ್ಕೆ ನಂಗ್ ಮನ್ಸು ಬರ್ಲಿಲ್ಲ. ಜಾತಕ ಇತ್ತು, ವಯಸ್ಸು ನಾನೇ ತಪ್ಪು ಹೇಳಿದೆ ಅಂತ ಬರ್ದುಬುಟ್ಟೆ."

ಅವರು ರಬ್ಬರಿನ ಚೀಲವನ್ನು ನನ್ನ ಕಡೆ ಇನ್ನಷ್ಟು ಸರಿಸಿದರು.

"ರತ್ನಂಗೆ ಇದೆಲ್ಲ ಹೇಳ್ಬೇಡಿ ಅಮ್ಮಾವ್ರೇ. ನಿಮ್ ಮೇಲೆ ಕೋಪ ಮಾಡ್ಕೊತಾಳೆ. ನನ್ ಮೇಲೆ ಮಾಡ್ಕೊಂಡ್ರೆ ಮಾಡ್ಕೊಳ್ಲಿ, ನಾನು ದೂರ ಇರೋನು. ಅವಳಿಗೆ ಹತ್ರ ಯಾರಾದ್ರೂ ಒಬ್ರು ಬೇಕಲ್ಲ."

ಆಗ ನಾನು ಹೇಳಬೇಕಾಗಿದ್ದದ್ದು: ಕೆಂಪಣ್ಣ, ನನ್ನ ಕೆಲಸಕ್ಕೆ ಯಾವ ಕುತ್ತೂ ಇರಲಿಲ್ಲ. ನಾನು ನಿಮ್ಮ ಮಗಳನ್ನು ಬಿಟ್ಟುಕೊಡಲಾರದೆ ಹಾಗೆ ಬರೆದೆ. ಇಷ್ಟು ಸಾಕಿತ್ತು. ಹೇಳಲಿಲ್ಲ. ಅವರು ನನ್ನ ಬಗ್ಗೆ ಅಷ್ಟು ಒಳ್ಳೆಯದಾಗಿ ಯೋಚಿಸಿದ್ದನ್ನು ಕೆಡಿಸುವ ಧೈರ್ಯ ನನಗಿರಲಿಲ್ಲ. "ಆಗಲಿ ಕೆಂಪಣ್ಣ, ಹೇಳಲ್ಲ," ಎಂದೆ. ಮತ್ತೆ ಉಪಕಾರ ಮಾಡುವವಳ ಹಾಗೆ.

ಅವರನ್ನು ಬಸ್ ಸ್ಟಾಪಿನವರೆಗೆ ಬಿಡಲು ಹೋದೆ. ಬಸ್ಸು ಬರುವುದು ಕಾಣುತ್ತಿದ್ದಾಗ ಅವರು ರಸ್ತೆಯ ಕಡೆ ನೋಡುತ್ತಲೇ ಹೇಳಿದರು. "ಈಗ್ ಆ ದೇಶ ಬುಟ್ಟು ಬಂದ್ರೆ ಮತ್ತೆ ಒಳಕ್ ಬುಡ್ತಾರೋ ಇಲ್ವೋ. ಕಾನೂನು ದಿನಕ್ಕೊಂದು. ಆದ್ರೂ ಅವಳು ಇರು ಅಂತ ಒಂದ್ ಮಾತ್ ಅಂದಿದ್ರೆ ಇದ್ಬುಡ್ತಿದ್ದೆ ಅಮ್ಮಾವ್ರೇ. ಅನ್ಲಿಲ್ಲ."

ನೀನು ಯಾಕೆ ಅನ್ನಲಿಲ್ಲ ಎಂಬುದು ನನಗೆ ಗೊತ್ತಿತ್ತು. ಅವರು ಯಾಕೆ ತಾವಾಗಿ ಉಳಿಯುತ್ತಿಲ್ಲ ಎಂಬುದೂ ಗೊತ್ತಿತ್ತು. ಇಬ್ಬರ ನಡುವಿನ ಆ ಒಂದು ಮಾತು ನನ್ನ ಬಾಯಲ್ಲಿತ್ತು. ಹಾಸ್ಟೆಲ್ಲು ಎರಡು ಬಸ್ಸಿನ ದೂರ. ಅವರ ರಜೆ ಇನ್ನೂ ಎರಡು ವಾರ ಉಳಿದಿತ್ತು. ಹದಿನಾಲ್ಕು ದಿನ, ಪ್ರತಿದಿನ ಬೆಳಗ್ಗೆ ಇವತ್ತು ಹೋಗಿ ಹೇಳುತ್ತೇನೆ ಎಂದುಕೊಂಡೆ. ಅವರು ಹೋದರು. ಮತ್ತೆ ಬರಲಿಲ್ಲ.

ಇಷ್ಟು ವರ್ಷ ನನಗೆ ಒಂದು ಸಮಾಧಾನವಿತ್ತು: ಹೇಳಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ, ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದೇನೆ ಎಂದು. ಹೋದ ತಿಂಗಳು ನೀನು, "ಅವರಿಗೆ ನಾನು ಬೇಕಾಗಿರ್ಲಿಲ್ಲ" ಎಂದಾಗ ಅದೂ ಹೋಯಿತು. ಮಾತು ಉಳಿಸಿಕೊಳ್ಳುತ್ತಿರಲಿಲ್ಲ, ಅವರ ಬೆನ್ನ ಹಿಂದೆ ಅಡಗಿ ಕೂತಿದ್ದೆ.

ನೀನು ಅವರಿಗೆ ಬೇಕಾಗಿದ್ದೆ, ರತ್ನ. ಎರಡು ಮಂಚ ಹಿಡಿಯುವ ರೂಮು ಹುಡುಕಿದ್ದು ನಿನಗಾಗಿ. ತಾವೇ ವಯಸ್ಸು ತಪ್ಪು ಹೇಳಿದ್ದಾಗಿ ಬರೆದುಕೊಟ್ಟು ನಿನ್ನನ್ನು ಬಿಟ್ಟುಕೊಟ್ಟದ್ದು, ನಿನ್ನ ಹತ್ತಿರ ಇದ್ದವಳನ್ನು ನಿನಗಾಗಿ ಉಳಿಸಲು. ಆ ಹತ್ತಿರದವಳು ಎಂಥವಳೆಂದು ಅವರಿಗೆ ಗೊತ್ತಿರಲಿಲ್ಲ. ಅವರ ಕಾಗದಗಳನ್ನು ನೀನು ಎಸೆದಿಲ್ಲ, ಟ್ರಂಕಿನಲ್ಲಿವೆ ಎಂದು ಒಮ್ಮೆ ಹೇಳಿದ್ದೆ. ಈಗ ಅವನ್ನು ತೆಗೆದು ಓದು. ಅಷ್ಟು ವರ್ಷ ನೀನು ಅವರ ಮೇಲೆ ಇಟ್ಟುಕೊಂಡ ಕೋಪ ನನ್ನದು, ನನಗೆ ಬರಬೇಕಾದದ್ದು. ಅವರು ನನ್ನ ಬದಲಿಗೆ ಅದನ್ನು ತೆಗೆದುಕೊಂಡು ಹೋದರು.

ಕ್ಷಮಿಸು ಎಂದು ಬರೆಯುವುದಿಲ್ಲ. ಬಾ ಎಂದೂ ಬರೆಯುವುದಿಲ್ಲ. ನಾನು ಕರೆದರೆ ನೀನು ಬಂದುಬಿಡುತ್ತೀಯ; ಮುದುಕಿ ಒಬ್ಬಳೇ ಇದ್ದಾಳೆ ಎಂದು ಮರುಕಪಟ್ಟು ಬರುತ್ತೀಯ. ಆ ಮರುಕದ ಹಿಂದೆ ಇನ್ನೊಮ್ಮೆ ನಿನ್ನನ್ನು ಹಿಡಿದಿಟ್ಟುಕೊಳ್ಳಲು ನನಗೆ ಹಕ್ಕಿಲ್ಲ. ಇನ್ನು ನೀನು ಎಲ್ಲಿರಬೇಕೋ ಅಲ್ಲೇ ಇರು.

ನಾಳೆ ಬೆಳಗ್ಗೆ ಪೋಸ್ಟಾಫೀಸಿಗೆ ನಾನೇ ನಡೆದು ಹೋಗಿ ಇದನ್ನು ರಿಜಿಸ್ಟರ್ ಮಾಡಿಸುತ್ತೇನೆ. ಬೇರೆಯವರ ಕೈಯಲ್ಲಿ ಕೊಡುವುದಿಲ್ಲ.